ಹಳೆಯ ಸೈಕಲ್ಲಿನ ಸಾಕ್ಷ್ಯ

ಜಮಖಂಡಿಯ ಸಮೀಪದ ಹುನ್ನೂರಿನ ಮನೆಯೊಂದರ ಪಡಸಾಲೆಯಲ್ಲಿ ಹಳೆಯ ಸೈಕಲ್ಲೊಂದು ನಿಂತಿದೆಯೆನ್ನಿ. ಅದು ಸಂಸ್ಥಾನದ ಕಾಲದ್ದೆಂಬುದು ಹಿರಿಯರ ಮಾತು. ಜಮಖಂಡಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದುದು 1948ರಲ್ಲಿ. ಸೈಕಲ್ಲು ಅದಕ್ಕಿಂತ ಹಿಂದಿನದೇ ಎಂಬುದನ್ನು ಸೈಕಲ್ಲನ್ನೇ ಕೇಳಬೇಕು.

ಮೊದಲು ಮಾದರಿಯನ್ನು ಗುರುತಿಸಬೇಕು. ಮುಂಭಾಗದ ಲಾಂಛನದಲ್ಲಿ ಕೊಕ್ಕರೆಯ ತಲೆಯಿದ್ದರೆ ಅದು ರ‍್ಯಾಲಿ ಸೈಕಲ್ಲು. ಗಾಲಿಗಳು 28 ಅಂಗುಲದವಾಗಿದ್ದು, ಬ್ರೇಕುಗಳು ಕಬ್ಬಿಣದ ಸರಳುಗಳಿಂದ ನಡೆಯುವಂತಿದ್ದರೆ ಅದು ‘ರೋಡ್‌ಸ್ಟರ್’ ಎಂಬ ಭದ್ರವಾದ ಮಾದರಿ. ಆದರೆ ಲಾಂಛನವೊಂದೇ ಸಾಲದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ತಯಾರಾಗುತ್ತಿದ್ದ ಈ ಸೈಕಲ್ಲುಗಳನ್ನು ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಆಸನ್‌ಸೋಲಿನಲ್ಲಿ ಸೆನ್-ರ‍್ಯಾಲಿ ಕಂಪನಿಯೂ ತಯಾರಿಸಿತು. ಆಸನ್‌ಸೋಲಿನದಾದರೆ ಹಿರಿಯರ ಮಾತು ನಿಲ್ಲದು.

ಹಿಂದಿನ ಗಾಲಿಯ ನಡುವೆ ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ವೇಗದ ಹಬ್ ಇದ್ದರೆ ಅದರ ಮೇಲೆ ವರ್ಷದ ಅಂಕೆಗಳು ಸಾಮಾನ್ಯವಾಗಿ ಅಚ್ಚಾಗಿರುತ್ತವೆ. ‘52’ ಎಂದಿದ್ದರೆ 1952. ಆದರೂ ಅವಸರ ಸಲ್ಲದು. ಅದು ಹಬ್‌ನ ವಯಸ್ಸು. ಹಳೆಯ ಗಾಲಿ ಕೆಟ್ಟು ಹೊಸದನ್ನು ಹಾಕಿಸಿರಬಹುದು. ಆದುದರಿಂದ ಚೌಕಟ್ಟಿನಲ್ಲಿ ಕೊರೆದ ಸಂಖ್ಯೆ, ಮನೆಯಲ್ಲಿ ಉಳಿದ ರಶೀದಿ ಇವುಗಳನ್ನೂ ಹೋಲಿಸಬೇಕು.

ಸಾಕ್ಷ್ಯಗಳೆಲ್ಲ ಒಂದೇ ಮಾತನ್ನು ನುಡಿದಾಗ ವರ್ಷವು ನಿಶ್ಚಯವಾಗುತ್ತದೆ. ಹಿರಿಯರ ಮಾತನ್ನು ಗೌರವಿಸುವವರು ಅದನ್ನು ಪರೀಕ್ಷಿಸಲು ಅಂಜಬಾರದು.