ಬಿಎಂಐ ನಾರ್ಮಲ್ ಅಂತ ಬೀಗಬೇಡಿ

ಯಲಹಂಕ, ಆರ್.ಟಿ. ನಗರದ ಎಷ್ಟೋ ಮನೆಗಳ ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಲ್ಲಿಂದ ಬಂದ ಮಗ ಫೋನಿಗೆ ಹಾಕಿಕೊಟ್ಟ ಆ್ಯಪು ‘ಬಿಎಂಐ 24, ನಾರ್ಮಲ್’ ಅಂದರೆ ಸಾಕು, ನಮ್ಮವರ ಕೈ ಇನ್ನೊಂದು ಜಾಮೂನಿಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ಎತ್ತರಕ್ಕೆ ತಕ್ಕ ತೂಕದ ಈ ಲೆಕ್ಕದಲ್ಲಿ 25 ಮುಟ್ಟಿದರೆ ಅಧಿಕ ತೂಕ ಎಂಬ ಗೆರೆ ಎಳೆದದ್ದು ಹೆಚ್ಚಾಗಿ ಬಿಳಿಯರ ಮೈಕಟ್ಟು ನೋಡಿ. ನಮ್ಮಲ್ಲಿ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಅದೇ ತೂಕಕ್ಕೆ ಕೊಬ್ಬು ಜಾಸ್ತಿ, ಸ್ನಾಯು ಕಮ್ಮಿ. ಅದಕ್ಕೇ ಭಾರತೀಯರಿಗೆ 23 ಮುಟ್ಟಿದರೇ ಅಧಿಕ ತೂಕ. ಅಮೆರಿಕದ ಡಯಾಬಿಟಿಸ್ ಅಸೋಸಿಯೇಷನ್ನೇ 2015ರಿಂದ ಏಷ್ಯಾ ಮೂಲದವರಿಗೆ ಬಿಎಂಐ 23ಕ್ಕೇ ಶುಗರ್ ಪರೀಕ್ಷೆ ಹೇಳುತ್ತಿದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೇ ಆಗಿತ್ತು, ಉಳಿದವರಿಗಿಂತ ಐದಾರು ವರ್ಷ ಮುಂಚೆ.

ಹಾಗಾಗಿ ಹೊಟ್ಟೆಯ ಸುತ್ತಳತೆಯನ್ನೂ ನೋಡಬೇಕು. ಒಂದು ಟೇಪು ತೆಗೆದುಕೊಳ್ಳಿ. ಪ್ಯಾಂಟಿನ ಸೈಜು ನಂಬಬೇಡಿ, ಬೆಲ್ಟು ಯಾವತ್ತೋ ಹೊಟ್ಟೆಯ ಕೆಳಗೆ ಜಾರಿರುತ್ತದೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪು ಸುತ್ತಿ, ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ನಿಮಗೇ! ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮೀರಿದ್ದರೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ ಮುಂದೂಡಬೇಡಿ.

ಎಲ್ಲವನ್ನೂ ವಂಶದ ತಲೆಗೇ ಕಟ್ಟಬೇಡಿ. ಹೆಬ್ಬಾಳದ ಮೇಲ್ಸೇತುವೆ ಮೇಲೆ ಟ್ರಾಫಿಕ್‌ನಲ್ಲಿ ಕೂತು ಕಳೆಯುವ ಹೊತ್ತಿಗೂ ಅದರಲ್ಲಿ ಪಾಲಿದೆ. ಇನ್ನು, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ರಾತ್ರಿಯಿಡೀ ಕೂರುವ ಸೆಕ್ಯುರಿಟಿಯವರಿಗೂ, ಮನೆಗೆಲಸದಾಕೆಗೂ ಹೇಳಿ: ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಬಿಪಿ, ಶುಗರ್ ಪುಕ್ಕಟೆ ನೋಡುತ್ತಾರೆ. ಹೋಗಿಬರಲು ಅರ್ಧ ದಿನ ರಜೆ ಕೊಡಬೇಕಾದವರು ನೀವೇ, ಸಂಬಳ ಹಿಡಿಯದೆ.