ಪೀಠದಲ್ಲಿ ಕುಳಿತವರ ಹೊಣೆ

ನಾಲ್ಕು ಜನ ಕಲೆತ ಮಾತ್ರಕ್ಕೆ ಸಭೆಯಾಗುವುದಿಲ್ಲ. ಅದು ಸಂತೆಯೂ ಆಗಬಹುದು. ಎಲ್ಲರೂ ಏಕಕಾಲಕ್ಕೆ ಮಾತಿಗೆ ತೊಡಗುತ್ತಾರೆ. ದನಿ ದೊಡ್ಡದಾದವನ ಮಾತು ನಿಲ್ಲುತ್ತದೆ. ಹೇಳತಕ್ಕ ವಿಚಾರವುಳ್ಳವನು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದು ಎದ್ದು ಹೋಗುತ್ತಾನೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆಂದು ಸೇರಿದ ಊರಿನವರ ಸಭೆಯು ಹಿಂದಿನ ವರ್ಷದ ತೇರಿನ ಲೆಕ್ಕದ ಜಗಳದಲ್ಲಿ ಮುಗಿಯುವುದನ್ನು ಯಾರು ತಾನೆ ಕಂಡಿಲ್ಲ? ಆದುದರಿಂದಲೇ ಸಭೆಗೆ ಒಬ್ಬ ನಿರ್ವಾಹಕನು ಬೇಕು. ಅವನು ತನ್ನ ಅಭಿಪ್ರಾಯವನ್ನು ಗೆಲ್ಲಿಸಲು ಕುಳಿತವನಲ್ಲ. ಇತರರ ಅಭಿಪ್ರಾಯಗಳು ಹೊರಬಂದು, ಒಂದನ್ನೊಂದು ತಾಗಿ, ಒಂದು ತೀರ್ಮಾನದಲ್ಲಿ ನೆಲೆಗೊಳ್ಳುವಂತೆ ದಾರಿ ಮಾಡಿಕೊಡುವವನು. ಕಚೇರಿಗಳಲ್ಲಿ ಈಗ ಇಂಥವನನ್ನು ‘ಫೆಸಿಲಿಟೇಟರ್’ ಎಂದು ಕರೆಯುವ ರೂಢಿ ಬಂದಿದೆ. ಹೆಸರು ಹೊಸದು, ಕೆಲಸ ಹಳೆಯದು.

ಈ ಕೆಲಸದ ಹಿರಿಮೆಯನ್ನು ತಿಳಿಯಲು ನಮ್ಮ ಸಂವಿಧಾನ ರಚನಾ ಸಭೆಯ ನಡವಳಿಗಳನ್ನು ನೋಡಬೇಕು. 1946ರ ಡಿಸೆಂಬರ್ 9ರಂದು ಆ ಸಭೆ ದೆಹಲಿಯಲ್ಲಿ ಮೊದಲ ಬಾರಿಗೆ ಸೇರಿತು. 11ರಂದು ಬಾಬು ರಾಜೇಂದ್ರಪ್ರಸಾದರು ಅದರ ಅಧ್ಯಕ್ಷರಾಗಿ ಚುನಾಯಿತರಾದರು. ಮುಸ್ಲಿಂ ಲೀಗಿನ ಸದಸ್ಯರು ಬಂದಿರಲಿಲ್ಲ. ದೇಶೀಯ ಸಂಸ್ಥಾನಗಳ ಪ್ರತಿನಿಧಿಗಳೂ ಇರಲಿಲ್ಲ. 13ರಂದು ಜವಾಹರಲಾಲ್ ನೆಹರೂ ಅವರು ಧ್ಯೇಯಗಳ ನಿರ್ಣಯವನ್ನು ಮಂಡಿಸಿದರು. ಅದು ಬೇಗ ಅಂಗೀಕೃತವಾಗಲೆಂಬ ಆತುರ ಬಹುಮಂದಿಗೆ. ಬಾರದವರಿಗಾಗಿ ಕಾಯೋಣವೆಂದು ಎಂ. ಆರ್. ಜಯಕರರು 16ರಂದು ತಿದ್ದುಪಡಿಯನ್ನು ಸೂಚಿಸಿದಾಗ ಚರ್ಚೆ ಕಾವೇರಿತು.

ಮರುದಿನ ಅಧ್ಯಕ್ಷರು ಒಂದು ಚಿಕ್ಕ ಕೆಲಸ ಮಾಡಿದರು. ಸರದಿಯನ್ನು ಮೀರಿ ಡಾ. ಬಿ. ಆರ್. ಅಂಬೇಡ್ಕರರನ್ನು ಮಾತನಾಡಲು ಕರೆದರು. ಅಂಬೇಡ್ಕರರು ಕಾಂಗ್ರೆಸ್ಸಿನ ಕಟು ಟೀಕಾಕಾರರು. ತಮಗಿಂತ ಮುಂದೆ ಇಪ್ಪತ್ತೋ ಇಪ್ಪತ್ತೆರಡೋ ಮಂದಿ ಇರುವಾಗ ಬಂದ ಈ ಕರೆ ಅವರಿಗೇ ಆಶ್ಚರ್ಯವನ್ನುಂಟುಮಾಡಿತು. ಸಿದ್ಧತೆಯಿಲ್ಲದೆ ಎದ್ದು ನಿಂತ ಅವರ ಬಾಯಿಂದ ಕಹಿ ಮಾತು ಬರಲಿಲ್ಲ. ಭಾರತವು ಒಂದುಗೂಡುವುದೆಂಬ ನಂಬಿಕೆಯನ್ನು ತೋಡಿಕೊಂಡರು. ನಿರ್ಣಯ ಕೈಗೊಳ್ಳುವ ಹಕ್ಕು ಇದ್ದರೂ ಆ ಹೊತ್ತಿಗೆ ಅದನ್ನು ಚಲಾಯಿಸುವುದು ವಿವೇಕವೇ ಎಂದು ಕೇಳಿದರು. ಸಭೆ ಕಿವಿಗೊಟ್ಟಿತು. ನಿರ್ಣಯವನ್ನು ಮುಂದಕ್ಕೆ ಹಾಕಿ, 1947ರ ಜನವರಿ 22ರಂದು ಅಂಗೀಕರಿಸಲಾಯಿತು. ಲೀಗಿನವರು ಆಗಲೂ ಬರಲಿಲ್ಲವೆಂಬುದು ನಿಜ. ಆದರೂ ಕಾಯದೆಯೇ ಮುಗಿಸಿದರೆಂಬ ಅಪವಾದ ಸಭೆಗೆ ತಟ್ಟಲಿಲ್ಲ. ಸರದಿಯ ಪಟ್ಟಿಯನ್ನು ಓದಿ ಹೇಳಲು ಗುಮಾಸ್ತನು ಸಾಕು; ಯಾವ ಗಳಿಗೆಯಲ್ಲಿ ಯಾರ ದನಿ ಕೇಳಬೇಕೆಂದು ಅರಿಯಲು ಬೇರೆಯೇ ಕಣ್ಣು ಬೇಕು.

ಸಭೆ ಕೂಡುವ ಮುನ್ನ ನಡೆಯಬೇಕಾದ ಕೆಲಸವೂ ಉಂಟು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗರಾಯರು ಸಭೆಯ ಸಂವಿಧಾನ ಸಲಹೆಗಾರರಾಗಿದ್ದರು. ಅವರು ಸದಸ್ಯರಲ್ಲ, ಅವರಿಗೆ ಮತವಿರಲಿಲ್ಲ. ಅನ್ಯದೇಶಗಳ ಸಂವಿಧಾನಗಳಿಂದ ಬೇಕಾದ ವಿಷಯಗಳನ್ನು ಸಂಗ್ರಹಿಸಿ ಸದಸ್ಯರ ಕೈಗಿತ್ತರು. 1947ರ ಮಾರ್ಚಿಯಲ್ಲಿ ಪ್ರಶ್ನಾವಳಿಯೊಂದನ್ನು ಕಳುಹಿಸಿ ಅವರ ಅಭಿಪ್ರಾಯ ಕೇಳಿದರು. ಅದೇ ಅಕ್ಟೋಬರಿನಲ್ಲಿ ಮೊದಲ ಕರಡನ್ನು ಸಿದ್ಧಪಡಿಸಿದರು. ಕೈಯಲ್ಲಿ ಕಾಗದವಿಲ್ಲದ ಸಭೆ ಗಾಳಿಯೊಡನೆ ವಾದಿಸುತ್ತದೆ.

ಅಧ್ಯಕ್ಷರಿಗೆ ಅತಿ ಕಠಿನವಾದ ಪರೀಕ್ಷೆ ಬಂದುದು ಭಾಷೆಯ ಪ್ರಶ್ನೆಯಲ್ಲಿ. ಚರ್ಚೆ 1949ರ ಸೆಪ್ಟೆಂಬರ್ 12ರಂದು ಆರಂಭವಾಯಿತು. ಮುನ್ನೂರರಷ್ಟು ತಿದ್ದುಪಡಿಗಳು ಬಂದಿದ್ದವು. ಒಂದೊಂದನ್ನೂ ಮಂಡಿಸುತ್ತ ಹೋದರೆ ದಿನಗಳು ಸಾಲವು; ತಡೆದರೆ ಅನ್ಯಾಯವೆಂಬ ಕೂಗು. ಎಲ್ಲವನ್ನೂ ಮಂಡಿತವಾದಂತೆಯೇ ಎಣಿಸಿ ಒಟ್ಟಿಗೆ ಚರ್ಚಿಸೋಣವೆಂದು ರಾಜೇಂದ್ರಪ್ರಸಾದರು ಸೂಚಿಸಿದರು. ಅವರು ಸ್ವತಃ ಹಿಂದಿಯ ಅಭಿಮಾನಿಗಳು. ಇದು ಎಲ್ಲರಿಗೂ ತಿಳಿದ ವಿಷಯ. ಆದರೆ ಪೀಠದಿಂದ ಅವರಾಡಿದುದು ಬೇರೆ ಮಾತು. ಸಂವಿಧಾನದಲ್ಲಿ ದಿನದಿನವೂ, ನಿಮಿಷ ನಿಮಿಷವೂ ಆಚರಣೆಗೆ ಬರತಕ್ಕ ವಿಷಯ ಇದೊಂದೇ. ಬಹುಮತದ ಬಲದಿಂದ ಗೆದ್ದರೂ ಉತ್ತರದಲ್ಲಿಯೋ ದಕ್ಷಿಣದಲ್ಲಿಯೋ ಒಂದು ಗಣನೀಯ ವರ್ಗದ ಜನ ಒಪ್ಪದಿದ್ದರೆ ಅದನ್ನು ನಡೆಸುವುದು ದುಸ್ಸಾಧ್ಯ. ಯಾರ ಮನಸ್ಸೂ ನೋಯುವ ಮಾತನ್ನು ಆಡಬೇಡಿರಿ ಎಂದು ಬೇಡಿಕೊಂಡರು.

ಮಾತು ಬಿಸಿಯಾಗಿಯೇ ನಡೆಯಿತು. ಲಿಪಿಗಿಂತಲೂ ಅಂಕಿಗಳ ವಿಷಯದಲ್ಲಿ ಜಗ್ಗಾಟ ಹೆಚ್ಚೆಂಬುದು ಇಂದಿನವರಿಗೆ ವಿಚಿತ್ರವಾಗಿ ತೋರಬಹುದು. ಕೊನೆಗೆ 14ರಂದು ಸಂಧಾನದ ಸೂತ್ರವೊಂದು ಅಂಗೀಕೃತವಾಯಿತು: ಒಕ್ಕೂಟದ ಆಡಳಿತಕ್ಕೆ ದೇವನಾಗರಿ ಲಿಪಿಯ ಹಿಂದಿ, ಅಂತರರಾಷ್ಟ್ರೀಯ ರೂಪದ ಅಂಕಿಗಳು, ಹದಿನೈದು ವರ್ಷಗಳವರೆಗೆ ಇಂಗ್ಲಿಷಿನ ಮುಂದುವರಿಕೆ. ಎಲ್ಲರಿಗೂ ತೃಪ್ತಿ ತಂದ ತೀರ್ಮಾನ ಅದಲ್ಲ. ಆದರೆ ಸಭೆ ಒಡೆಯಲಿಲ್ಲ.

ಇಡೀ ಕಾರ್ಯಕ್ಕೆ ಹತ್ತಿರ ಹತ್ತಿರ ಮೂರು ವರ್ಷ ಹಿಡಿಯಿತು. ಕರಡಿಗೆ 7,635 ತಿದ್ದುಪಡಿಗಳು ಬಂದು, 2,473 ಮಂಡಿತವಾದವು. ಇಷ್ಟು ವಿಳಂಬವೇಕೆಂದು ಹೊರಗಿನವರು ಮೂದಲಿಸಿದುದೂ ಉಂಟು. 1949ರ ನವೆಂಬರ್ 25ರಂದು, ಕೆಲಸ ಮುಗಿಯುವ ಮುನ್ನಾದಿನ, ಅಂಬೇಡ್ಕರರು ತಮ್ಮ ಭಾಷಣದಲ್ಲಿ ಅಧ್ಯಕ್ಷರಿಗೆ ಕೃತಜ್ಞತೆ ಹೇಳಿದರು. ಸದಸ್ಯರೊಡನೆ ಅವರು ನಡೆದುಕೊಂಡ ಸೌಜನ್ಯವನ್ನು ನೆನೆದರು. ಕರಡು ಸಮಿತಿಯ ತಿದ್ದುಪಡಿಗಳನ್ನು ಬರಿಯ ನಿಯಮದ ತಾಂತ್ರಿಕ ಕಾರಣವೊಡ್ಡಿ ತಡೆಯಲೆತ್ನಿಸಿದ ಸಂದರ್ಭಗಳು ತಮಗೆ ಬಹಳ ಆತಂಕದ ಗಳಿಗೆಗಳಾಗಿದ್ದವೆಂದೂ, ಕಾನೂನಿನ ಅಕ್ಷರಕ್ಕೆ ಸಂವಿಧಾನದ ಕಾರ್ಯ ಬಲಿಯಾಗದಂತೆ ಅಧ್ಯಕ್ಷರು ಕಾಯ್ದರೆಂದೂ ಹೇಳಿದರು.