ಅಳತೆ ಒಂದಾದರೆ ಉತ್ತರವೂ ಒಂದೇ

ಅಡಿಕೆಯ ಕೊಳೆರೋಗಕ್ಕೆ ನಾವು ಬೋರ್ಡೋ ದ್ರಾವಣ ಸಿಂಪಡಿಸುತ್ತೇವೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಒಬ್ಬೊಬ್ಬರು ಒಂದೊಂದು ಅಳತೆಯಲ್ಲಿ ಬೆರೆಸಿದರೆ ಮದ್ದಿನ ಗುಣ ತಿಳಿಯುವುದು ಹೇಗೆ?

ಮನುಷ್ಯರಿಗೆ ತಗಲುವ ಶಿಲೀಂಧ್ರದ ವಿಷಯವೂ ಹಾಗೆಯೇ. ಕ್ಯಾಂಡಿಡಾ ಎಂಬ ಯೀಸ್ಟ್ ಬಾಯಿಯಲ್ಲಿ ಬಿಳಿ ಪದರ ಕಟ್ಟುತ್ತದೆ. ನಿತ್ರಾಣರಾದ ರೋಗಿಗಳ ರಕ್ತ ಸೇರಿದರೆ ಪ್ರಾಣಕ್ಕೇ ಅಪಾಯ. ಎಷ್ಟು ಔಷಧಿ ಅದರ ಬೆಳವಣಿಗೆ ತಡೆಯುತ್ತದೆಂದು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಹಿಂದೆ ಒಂದೇ ಯೀಸ್ಟಿಗೆ, ಒಂದೇ ಔಷಧಿಗೆ ಬೇರೆ ಬೇರೆ ಪ್ರಯೋಗಾಲಯಗಳು ಬೇರೆ ಬೇರೆ ಉತ್ತರ ಕೊಡುತ್ತಿದ್ದವು. ಯೀಸ್ಟ್ ಕಣಗಳ ಸಂಖ್ಯೆ, ಪೋಷಕ ದ್ರಾವಣ, ಶಾಖ, ಕಾಯುವ ಹೊತ್ತು ಎಲ್ಲ ಕಡೆ ಒಂದೇ ಆಗಿರಲಿಲ್ಲ.

ಇದನ್ನು ಸರಿಪಡಿಸಲು ಅಮೇರಿಕದ ಎನ್.ಸಿ.ಸಿ.ಎಲ್.ಎಸ್. ಸಂಸ್ಥೆಯು 1992ರಲ್ಲಿ ಕರಡು ವಿಧಾನ ಪ್ರಕಟಿಸಿ, 1997ರಲ್ಲಿ ಅಂಗೀಕರಿಸಿತು. ಆರ್.ಪಿ.ಎಂ.ಐ. 1640 ಎಂಬ ಪೋಷಕ ದ್ರಾವಣ, ಮಿಲಿಲೀಟರಿಗೆ 500ರಿಂದ 2,500 ಕಣ, 35 ಡಿಗ್ರಿ ಸೆಲ್ಸಿಯಸ್ ಶಾಖ, ಕ್ಯಾಂಡಿಡಾಕ್ಕೆ 48 ಗಂಟೆ ಎಂದು ಗೊತ್ತುಮಾಡಿತು. ಈಗ ಹಲವು ಔಷಧಿಗಳಿಗೆ 24 ಗಂಟೆ ಸಾಕು. ಗುಣ ಮೊದಲೇ ತಿಳಿದಿರುವ ಯೀಸ್ಟನ್ನೂ ಜೊತೆಗಿಟ್ಟು, ಪರೀಕ್ಷೆ ಸರಿಯಾಗಿದೆಯೇ ಎಂದು ನೋಡುತ್ತಾರೆ.

ಇದರಿಂದ ನಮಗೇನು? ಕ್ಯಾಂಡಿಡಾ ಕ್ರೂಸಿಗೆ ಫ್ಲುಕೊನಜೋಲ್ ಮಾತ್ರೆ ನಾಟುವುದಿಲ್ಲ. ಜಪಾನಿನಲ್ಲಿ ಗುರುತಿಸಿ 2009ರಲ್ಲಿ ಹೆಸರಿಟ್ಟ ಕ್ಯಾಂಡಿಡಾ ಆರಿಸ್ ಅನೇಕ ವೇಳೆ ಒಂದಕ್ಕಿಂತ ಹೆಚ್ಚು ಔಷಧಿಗಳಿಗೆ ಬಗ್ಗುವುದಿಲ್ಲ. ಆದುದರಿಂದ ಅಂಗಡಿಯಿಂದ ನಾವೇ ಮಾತ್ರೆ ತಂದು ನುಂಗುವುದು ಬೇಡ. ಗುಣವಾಗದಿದ್ದರೆ, ಪರೀಕ್ಷೆ ಬೇಕೇ ಎಂದು ವೈದ್ಯರಲ್ಲಿ ಕೇಳೋಣ. ಬರೆದುಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನ ತಪ್ಪದೆ ಸೇವಿಸೋಣ.